ನಾನು ವಾಪಸ್ ಕಳಿಸಿದ ಹಾಲು

ನನ್ನ ಮೂಗಿನ ಬಗ್ಗೆ ನನಗೆ ತುಂಬ ಜಂಬವಿತ್ತು. ಮಧುಗಿರಿಯಿಂದ ಸ್ವಲ್ಪ ಆಚೆ ಇರುವ ಒಂದು ಖಾಸಗಿ ಹಾಲಿನ ಕೇಂದ್ರದಲ್ಲಿ ಹನ್ನೊಂದು ವರ್ಷದಿಂದ ಹಾಲು ಪರೀಕ್ಷೆ ಮಾಡುವುದು ನನ್ನ ಕೆಲಸ. ಬೆಳಿಗ್ಗೆ ಏಳಕ್ಕೆಲ್ಲ ಹಳ್ಳಿಗಳಿಂದ ವ್ಯಾನುಗಳು ಬರುತ್ತವೆ, ಕ್ಯಾನುಗಳು ಸಾಲಾಗಿ ಇಳಿಯುತ್ತವೆ, ನಾನು ಒಂದೊಂದರ ಮುಚ್ಚಳ ತೆಗೆದು ಬಗ್ಗಿ ಮೂಸುತ್ತೇನೆ. ಯಂತ್ರ ಹೇಳುವ ಮೊದಲೇ ನನಗೆ ಗೊತ್ತಾಗುತ್ತದೆ: ಇದು ನಿನ್ನೆ ಸಂಜೆಯ ಹಾಲಿಗೆ ಬೆಳಗಿನದನ್ನು ಬೆರೆಸಿದ್ದು, ಇದು ಸರಿಯಾಗಿ ತೊಳೆಯದ ಕ್ಯಾನಿನದು, ಇದು ಕೆಚ್ಚಲು ಬಾವು ಬಂದ ಹಸುವಿನದು. ವ್ಯಾನಿನ ಡ್ರೈವರುಗಳು ನನಗೆ ಇಟ್ಟ ಅಡ್ಡಹೆಸರು ಏನೆಂದು ಇಲ್ಲಿ ಬರೆಯುವುದಿಲ್ಲ, ಅದರಲ್ಲಿ ನಾಯಿ ಬರುತ್ತದೆ.

ಮೂಗಿಗೆ ಅನುಮಾನ ಬಂದರೆ ನೀಲಿ ಪರೀಕ್ಷೆ ಇದೆ. ಗಾಜಿನ ಕೊಳವೆಗೆ ಹಾಲು ಹಾಕಿ, ಸ್ವಲ್ಪ ನೀಲಿ ದ್ರಾವಣ ಬೆರೆಸಿ, ಬೆಚ್ಚಗಿನ ನೀರಿನಲ್ಲಿ ನಿಲ್ಲಿಸುವುದು. ಹಾಲಿನಲ್ಲಿ ಬ್ಯಾಕ್ಟೀರಿಯಾ ಹೆಚ್ಚಿದ್ದಷ್ಟೂ ನೀಲಿ ಬೇಗ ಮಾಯವಾಗುತ್ತದೆ. ಒಳ್ಳೆಯ ಹಾಲು ಗಂಟೆಗಟ್ಟಲೆ ನೀಲಿಯಾಗಿಯೇ ನಿಂತಿರುತ್ತದೆ. ಕೆಟ್ಟ ಹಾಲು, ನಾನು ಕಾಫಿ ಕುಡಿದು ಬರುವಷ್ಟರಲ್ಲಿ ಬೆಳ್ಳಗೆ, ಏನೂ ಅರಿಯದ ಹಾಗೆ ಕೂತಿರುತ್ತದೆ. ಪಾಸಾಗದ ಕ್ಯಾನಿನ ಮೇಲೆ ಕೆಂಪು ಸೀಮೆಸುಣ್ಣದಲ್ಲಿ ಅಡ್ಡಗೆರೆ ಎಳೆದು ಪಕ್ಕಕ್ಕೆ ಸರಿಸಿದರೆ ಅಲ್ಲಿಗೆ ನನ್ನ ಕೆಲಸ ಮುಗಿಯಿತು. ಮುಗಿಯಿತು ಎಂದುಕೊಂಡಿದ್ದೆ.

ಗೇಟಿನ ಹೊರಗೆ ಬೇವಿನ ಮರದ ಕೆಳಗೆ ದಿನಾ ಒಬ್ಬ ಮನುಷ್ಯ ಮೊಪೆಡ್ ನಿಲ್ಲಿಸಿಕೊಂಡು ಕಾಯುತ್ತಿದ್ದ. ಮೊಪೆಡ್ಡಿನ ಎರಡೂ ಕಡೆ ಖಾಲಿ ಕ್ಯಾನು ಕಟ್ಟಿರುತ್ತಿದ್ದ. ಕೊರಟಗೆರೆ ಕಡೆ ಅವನದೊಂದು ಶೆಡ್ಡಿತ್ತು, ಕುಲ್ಫಿ ಮಾಡುತ್ತಿದ್ದ. ನಾನು ಗೆರೆ ಎಳೆದ ಹಾಲನ್ನು ಡ್ರೈವರುಗಳು ಅವನ ಕ್ಯಾನಿಗೆ ಸುರಿಯುತ್ತಿದ್ದರು. ಹಾಲು ಹಾಕಿದ ಹೆಂಗಸರಿಗೆ ಪೂರ್ತಿ ನಷ್ಟವಾಗದೆ ಏನೋ ಒಂದಿಷ್ಟು ಸಿಗುತ್ತಿತ್ತು, ಡ್ರೈವರಿಗೆ ಬೈಗುಳ ತಪ್ಪುತ್ತಿತ್ತು, ಕುಲ್ಫಿಯವನಿಗೆ ಹಾಲು ಅಗ್ಗವಾಗಿ ಬರುತ್ತಿತ್ತು. ಇದೆಲ್ಲ ಗುಟ್ಟಿನ ವ್ಯವಹಾರವಲ್ಲ. ನನ್ನ ಕಿಟಕಿಯಿಂದ ಕಾಣುತ್ತಿತ್ತು. ಕಂಡು ನಾನು ಒಳಗೊಳಗೇ ಖುಷಿ ಪಡುತ್ತಿದ್ದೆ, ಪಾಪ, ಯಾರ ಹಾಲೂ ಚರಂಡಿಗೆ ಹೋಗಲಿಲ್ಲವಲ್ಲ ಎಂದು. ಈಗ ಆ ಖುಷಿ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಒಂದು ಸಲ ಅವನೇ ಕಿಟಕಿ ಹತ್ತಿರ ಬಂದು, ಈ ಹಾಲು ಒಲೆ ಮೇಲಿಟ್ಟ ತಕ್ಷಣ ಒಡೆದುಹೋಗುತ್ತದಲ್ಲ ಮೇಡಂ, ಯಾಕೆ, ಎಂದು ಕೇಳಿದ. ನನಗೆ ಪಾಠ ಮಾಡುವ ಚಟ. ಹುಳಿ ಏರಿದ ಹಾಲು ಕಾವು ತಡೆಯುವುದಿಲ್ಲ ಎಂದು ವಿವರಿಸಿದೆ. ಕೆಲವರು ಅಡಿಗೆ ಸೋಡಾ ಹಾಕಿ ಹುಳಿ ಮುಚ್ಚಿಕೊಂಡು ನಮ್ಮಲ್ಲಿಗೆ ತರುತ್ತಾರೆ, ಆದರೆ ನನ್ನ ಕೈಯಲ್ಲಿ ಸಿಕ್ಕಿಬೀಳುತ್ತಾರೆ ಎಂದು ಜಂಬವನ್ನೂ ಕೊಚ್ಚಿಕೊಂಡೆ. ಅವನು ತಲೆ ಆಡಿಸಿ, ನಮಸ್ಕಾರ ಮಾಡಿ ಹೋದ.

ನನ್ನ ತಂಗಿಯನ್ನು ಪಾವಗಡ ತಾಲ್ಲೂಕಿಗೆ, ನಿಡುಗಲ್ ಬೆಟ್ಟದ ಬುಡದ ಒಂದು ಊರಿಗೆ ಕೊಟ್ಟಿದ್ದೆವು. ಮದುವೆಯಾಗಿ ನಾಲ್ಕು ವರ್ಷ ಕಾದ ಮೇಲೆ ಬಸುರಿಯಾದಳು. ಅತ್ತೆಯ ಮನೆಯಲ್ಲಿ ಕರೆಂಟಿನ ಕಾಟ, ಬಿಸಿಲಿನ ಕಾಟ. ಬಿಸಿಲಿನಿಂದ ಕರೆಂಟ್ ಮಾಡಿ ಊರಿಗೆಲ್ಲ ಕಳಿಸುವ ತಾಲ್ಲೂಕಿನಲ್ಲಿ ಅವಳ ಮನೆಯ ಫ್ಯಾನು ತಿರುಗುತ್ತಿರಲಿಲ್ಲ. ಅದಕ್ಕೇ ಆರು ತಿಂಗಳು ತುಂಬುತ್ತಲೇ ಅಮ್ಮ ಅವಳನ್ನು ತವರಿಗೆ ಕರೆಸಿಕೊಂಡಳು. ನಮ್ಮದು ಮಿಡಿಗೇಶಿ ಹತ್ತಿರದ ಸಣ್ಣ ಹಳ್ಳಿ. ನಾನು ವಾರದ ರಜೆಯ ದಿನ ಮಧುಗಿರಿಯಿಂದ ಬಸ್ ಹತ್ತಿ ಹೋಗಿ ಅವಳನ್ನು ನೋಡಿಕೊಂಡು ಬರುತ್ತಿದ್ದೆ.

ನಮ್ಮಮ್ಮನ ಬಗ್ಗೆ ಒಂದು ಮಾತು ಹೇಳಲೇಬೇಕು. ಅವಳು ಹಸಿ ಹಾಲನ್ನು ನಾಯಿಗೂ ಹಾಕುವವಳಲ್ಲ. ಹಾಲು ಮೂರು ಸಲ ಉಕ್ಕಬೇಕು, ಪಾತ್ರೆಯನ್ನು ಬೂದಿಯಲ್ಲಿ ಉಜ್ಜಿ ಬಿಸಿಲಿಗೆ ಬೋರಲು ಹಾಕಬೇಕು, ಹಾಲಿನ ಪಾತ್ರೆಯೊಳಗೆ ಯಾರೂ ಲೋಟ ಅದ್ದಬಾರದು. ಯಾವ ಪುಸ್ತಕವನ್ನೂ ಓದದೆ ಅವಳು ಕಲಿತದ್ದನ್ನು ನನಗೆ ಎರಡು ವರ್ಷದ ಡಿಪ್ಲೊಮಾದಲ್ಲಿ ಕಲಿಸಿದರು. ಅಂಥವಳು, ಮಧ್ಯಾಹ್ನ ಮೂರು ಗಂಟೆಗೆ ಬೀದಿಯಲ್ಲಿ ಕುಲ್ಫಿ ಗಾಡಿಯ ಹಾರನ್ ಕೇಳಿಸಿದ ಕೂಡಲೇ ಸೆರಗು ಸಿಕ್ಕಿಸಿಕೊಂಡು ಓಡುತ್ತಿದ್ದಳು. ತಂಗಿಗೆ ಬಾಯಿ ಒಣಗುತ್ತಿತ್ತು, ಅನ್ನ ಕಂಡರೆ ವಾಕರಿಕೆ, ತಣ್ಣಗಿರುವುದೇ ಬೇಕು. ದಿನಕ್ಕೆ ಎರಡು ಕುಲ್ಫಿ. ಒಲೆಯ ಮೇಲಿನ ಹಾಲಿಗೆ ಅಷ್ಟು ಕಾವಲಿದ್ದ ಅಮ್ಮನಿಗೆ ಕಡ್ಡಿಗೆ ಅಂಟಿದ ಹಾಲಿನ ಮೇಲೆ ಒಂದಿಷ್ಟೂ ಅನುಮಾನ ಬರಲಿಲ್ಲ. ಯಾಕೆಂದರೆ ಅದು ಐಸು. ಐಸಿಗೆ ಹುಳಿ ವಾಸನೆಯಿಲ್ಲ, ಒಡೆದ ಗುರುತಿಲ್ಲ. ನಮ್ಮ ಕಡೆ ಹಾಲನ್ನು ನಂಬುವುದು ಕಾಯಿಸಿ ನೋಡಿ, ಮೂಸಿ ನೋಡಿ. ಕುಲ್ಫಿಯನ್ನು ಯಾರು ಕಾಯಿಸಿ ನೋಡುತ್ತಾರೆ?

ಒಂದು ಭಾನುವಾರ ನಾನು ಅಲ್ಲೇ ಇದ್ದೆ. ಬೈಕಿನ ಹಿಂದೆ ಕಟ್ಟಿದ ಡಬ್ಬದ ಮೇಲಿನ ಬಣ್ಣದ ಅಕ್ಷರ ನೋಡಿದ ತಕ್ಷಣ ಗುರುತು ಸಿಕ್ಕಿತು. ನಮ್ಮ ಗೇಟಿನ ಮನುಷ್ಯನ ಕ್ಯಾನಿನ ಮೇಲಿದ್ದದ್ದೇ ಆ ಹೆಸರು, ಅವನದೇ ಮಾಲು. ಅವನ ಕುಲ್ಫಿಯನ್ನು ಐದಾರು ಬೈಕುಗಳು ಊರೂರಿಗೆ ಒಯ್ಯುತ್ತಿದ್ದವು. ತಂಗಿ ಜಗಲಿಯಲ್ಲಿ ಕಾಲು ಚಾಚಿ ಕೂತು ಕಡ್ಡಿ ಚೀಪುತ್ತಿದ್ದಳು, ಮುಖದಲ್ಲಿ ಎಷ್ಟೋ ದಿನದ ಮೇಲೆ ಸಮಾಧಾನವಿತ್ತು. ಇದು ಬೇಡ ಕಣೇ, ಎಂದೆ. ಅಷ್ಟೇ ಅಂದದ್ದು. ಅಮ್ಮ ನನ್ನನ್ನು ದುರುಗುಟ್ಟಿಕೊಂಡು ನೋಡಿದಳು.

"ಬಸುರಿ ಬಾಯಿಗೆ ಅಡ್ಡ ಬರಬ್ಯಾಡ. ಬಯಸಿದ್ದು ಕೊಡ್ದಿದ್ರೆ ಹುಟ್ಟೋ ಕೂಸಿನ ಕಿವಿ ಸೋರ್ತದೆ."

ಇದು ನಮ್ಮ ಕಡೆ ಎಲ್ಲರೂ ನಂಬುವ ಮಾತು. ಬಯಕೆ ತೀರದ ಬಸುರಿಯ ಮಗುವಿನ ಕಿವಿ ಸೋರುತ್ತದೆ. ನಾನು ಇದನ್ನು ನಂಬುವವಳಲ್ಲ. ಆದರೆ ನಾಲ್ಕು ವರ್ಷ ಕಾದು ಬಂದ ಬಸುರು, ಅವಳ ಮುಖದ ಆ ಸಮಾಧಾನ, ಅಮ್ಮನ ಆ ನೋಟ. ಮೇಲಾಗಿ ನನ್ನ ತಲೆಯೂ ಒಂದು ನೆಪ ಹುಡುಕಿ ಕೊಟ್ಟಿತು: ಫ್ರೀಜ್ ಆಗಿದೆಯಲ್ಲ, ಏನಾಗುತ್ತದೆ. ಬ್ಯಾಕ್ಟೀರಿಯಾ ಐಸಿನಲ್ಲಿ ಸಾಯುವುದಿಲ್ಲ, ಸುಮ್ಮನೆ ಮಲಗಿರುತ್ತದೆ, ಕರಗಿದಾಗ ಎದ್ದು ಕೂರುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಪಾಸಾದವಳು ನಾನು. ಅಮ್ಮ ನನ್ನ ಕೈಗೂ ಒಂದು ಕುಲ್ಫಿ ಕೊಟ್ಟಳು. ತಿಂದೆ. ಏಲಕ್ಕಿ ಚೆನ್ನಾಗಿ ಹಾಕಿದ್ದರು.

ನನಗೆ ಏನೂ ಆಗಲಿಲ್ಲ, ಅಮ್ಮನಿಗೂ ಏನೂ ಆಗಲಿಲ್ಲ. ಎರಡು ಮೂರು ವಾರ ಕಳೆದ ಮೇಲೆ ತಂಗಿಗೆ ಜ್ವರ ಬಂತು. ದೊಡ್ಡ ಜ್ವರವಲ್ಲ. ಮೈಕೈ ನೋವು, ಸೊಂಟ ನೋವು, ಸಂಜೆಯಾದರೆ ಚಳಿ. ಹತ್ತಿರದ ಒಂದು ನರ್ಸಿಂಗ್ ಹೋಮಿನಲ್ಲಿ ತೋರಿಸಿದರು. ಡಾಕ್ಟರು ತಲೆ ಎತ್ತದೆಯೇ ವೈರಲ್ ಫೀವರ್ ಎಂದು ಮಾತ್ರೆ ಬರೆದರು. ರಕ್ತ ಪರೀಕ್ಷೆ ಬೇಡವೇ ಎಂದು ನಾನು ಫೋನಿನಲ್ಲಿ ಅಮ್ಮನ ಮೂಲಕ ಕೇಳಿಸಿದ್ದಕ್ಕೆ, ಈ ಕಾಲದಲ್ಲಿ ಎಲ್ಲರೂ ಡಾಕ್ಟರುಗಳೇ ಎಂದರಂತೆ. ಜ್ವರ ಬಿಡುವುದು, ಮತ್ತೆ ಬರುವುದು. ಆರನೆಯ ದಿನ ತಂಗಿ ಅಮ್ಮನಿಗೆ, ಕೂಸು ಒದೆಯುತ್ತಿಲ್ಲ, ಬೆಳಿಗ್ಗೆಯಿಂದ ಸುಮ್ಮನಿದೆ, ಎಂದಳು. ಕಾರು ಮಾಡಿಕೊಂಡು ಕೊರಟಗೆರೆ ದಾಟಿ ತುಮಕೂರಿಗೆ ಕರೆದುಕೊಂಡು ಹೋದೆವು. ದಾರಿಯುದ್ದಕ್ಕೂ ಅವಳು ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದಳು.

ಗಂಡು ಕೂಸು. ಅಳಲಿಲ್ಲ. ಎಂಟನೆಯ ತಿಂಗಳಿಗೆ ಕಾಲಿಟ್ಟಿತ್ತು, ತಲೆ ತುಂಬ ಕೂದಲಿತ್ತು, ಉಗುರು ಮೂಡಿದ್ದವು. ಅದರ ಕಿವಿ ಸೋರಲಿಲ್ಲ. ಸಣ್ಣ, ಒಣಗಿದ, ಚೆಂದದ ಕಿವಿಗಳು. ನಾವು ಬಯಕೆ ತೀರಿಸಿದ್ದೆವಲ್ಲ.

ನಾಲ್ಕು ದಿನಕ್ಕೆ ತಂಗಿಯ ರಕ್ತದ ರಿಪೋರ್ಟು ಬಂತು. ಅಲ್ಲಿನ ಡಾಕ್ಟರಮ್ಮ ನಮ್ಮನ್ನು ಕೂರಿಸಿಕೊಂಡು ನಿಧಾನವಾಗಿ ಹೇಳಿದರು. ಲಿಸ್ಟೀರಿಯಾ ಎನ್ನುವ ಬ್ಯಾಕ್ಟೀರಿಯಾ. ಫ್ರಿಜ್ಜಿನ ತಂಪಿನಲ್ಲೂ ಬೆಳೆಯುತ್ತದೆ, ಐಸಾದರೂ ಸಾಯುವುದಿಲ್ಲ, ಚೆನ್ನಾಗಿ ಕಾಯಿಸಿದರೆ ಮಾತ್ರ ಸಾಯುತ್ತದೆ. ಗಟ್ಟಿಮುಟ್ಟಾದವರಿಗೆ ಏನೂ ಮಾಡದೆ ಇರಬಹುದು. ಬಸುರಿಗೆ ಸಣ್ಣ ಜ್ವರ ಕೊಟ್ಟು ಒಳಗಿನ ಕೂಸನ್ನು ಹಿಡಿಯುತ್ತದೆ. ಬೇಗ ಗೊತ್ತಾಗಿದ್ದರೆ ಔಷಧಿಯಿತ್ತು. ಹಸಿ ಹಾಲು ಕುಡಿದಿದ್ದರೇ ಎಂದು ಅವರು ಕೇಳಿದಾಗ ಅಮ್ಮನಿಗೆ ಅವಮಾನವಾಯಿತು. ನಮ್ಮ ಮನೆಯಲ್ಲಿ ಹಾಲು ಮೂರು ಸಲ ಉಕ್ಕುತ್ತದೆ ಎಂದಳು. ನನ್ನ ಕಣ್ಣ ಮುಂದೆ ಬೇವಿನ ಮರವಿತ್ತು, ಮೊಪೆಡ್ಡಿತ್ತು, ಕೆಂಪು ಗೆರೆಯ ಕ್ಯಾನಿತ್ತು.

ಮಾರನೆಯ ದಿನವೇ ಅವನ ಶೆಡ್ಡಿಗೆ ಹೋದೆ. ಅವನು ನಗುನಗುತ್ತಾ ಎದ್ದು ಕುರ್ಚಿ ಹಾಕಿದ. ನಾನು ಕೂರಲಿಲ್ಲ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನಮ್ಮ ಹಾಲಿತ್ತು. ಪಕ್ಕದ ಬಕೆಟ್ಟಿನಲ್ಲಿ ನಿನ್ನೆ ಮಾರಾಟವಾಗದೆ ಬಂದ ಕುಲ್ಫಿಗಳು ಕಡ್ಡಿ ಬಿಟ್ಟುಕೊಂಡು ಕರಗುತ್ತಿದ್ದವು. ಅವನ್ನು ಇವತ್ತಿನ ಹಾಲಿಗೆ ಸೇರಿಸುತ್ತಾನಂತೆ. ಕರೆಂಟ್ ಹೋದರೆ ಫ್ರೀಜರಿನಲ್ಲಿ ಅರ್ಧ ಕರಗುತ್ತದೆ, ಬಂದರೆ ಮತ್ತೆ ಗಟ್ಟಿಯಾಗುತ್ತದೆ, ಅದಕ್ಕೇನು ಎಂದ. ಹಾಲು ಕಾಯಿಸುತ್ತೀಯೇನಯ್ಯಾ ಎಂದು ಕೇಳಿದೆ.

"ಕಾಯ್ಸಿದ್ರೆ ಒಡ್ದೋಯ್ತದಲ್ಲ ಮೇಡಂ, ನೀವೇ ಹೇಳಿದ್ರಿ. ಅದಕ್ಕೇ ಸೋಡಾ ಹಾಕಿ, ಬೆರಳು ಸುಡದಂಗೆ ಒಸಿ ಬೆಚ್ಚಗೆ ಮಾಡ್ತೀವಿ. ಆಮ್ಯಾಕೆ ಐಸ್ ಆಯ್ತದೆ ಬುಡಿ. ಐಸ್‌ನಾಗೆ ಯಾವ್ ಹುಳ ಬದುಕ್ತದೆ?"

ಅವನ ಕಣ್ಣಲ್ಲಿ ಮೋಸವಿರಲಿಲ್ಲ. ಅವನ ಮನೆಯವರೂ ಅದನ್ನೇ ತಿನ್ನುತ್ತಾರಂತೆ. ನನಗೆ ಮೈಯೆಲ್ಲ ಉರಿದದ್ದೇ ಅದಕ್ಕೆ. ಅವನು ಕಳ್ಳನಾಗಿದ್ದರೆ ಎಷ್ಟು ಸುಲಭವಾಗಿತ್ತು, ಕೊರಳಪಟ್ಟಿ ಹಿಡಿಯಬಹುದಿತ್ತು. ಅವನು ನನ್ನ ಹಾಲಿಗೆ ನನ್ನದೇ ಪಾಠ ಬೆರೆಸಿ ಕಡ್ಡಿ ಚುಚ್ಚಿದ್ದ. ನನ್ನ ಗಂಟಲು ಬಿರಿಯುವ ಹಾಗೆ ಕೂಗಾಡಿದೆ, ಏನು ಕೂಗಿದೆನೋ ನೆನಪಿಲ್ಲ. ನಾಲ್ಕು ಕುಲ್ಫಿ ಎತ್ತಿಕೊಂಡು ಹೊರಟೆ.

ಕೇಂದ್ರಕ್ಕೆ ಬಂದು ಕರಗಿಸಿ, ನೀಲಿ ಬೆರೆಸಿ, ಬೆಚ್ಚಗಿನ ನೀರಿನಲ್ಲಿ ನಿಲ್ಲಿಸಿದೆ. ಲೋಟ ತೊಳೆದು ತಿರುಗುವಷ್ಟರಲ್ಲಿ ನೀಲಿ ಹೋಗಿತ್ತು. ಹನ್ನೊಂದು ವರ್ಷದಲ್ಲಿ ಅಷ್ಟು ಬೇಗ ಹೋದದ್ದನ್ನು ನಾನು ನೋಡಿಲ್ಲ. ಆ ನೀಲಿ, ಬ್ಯಾಕ್ಟೀರಿಯಾ ತುಂಬಿದೆ ಎನ್ನುತ್ತದೆಯೇ ಹೊರತು ಯಾವುದು ಎಂದು ಹೇಳುವುದಿಲ್ಲ, ತಂಗಿ ಒಂದು ತಿಂಗಳ ಹಿಂದೆ ತಿಂದ ಕಡ್ಡಿಯ ಮೇಲೆ ಏನಿತ್ತೆಂದು ಯಾರೂ ಇನ್ನು ಹೇಳಲಾರರು. ಅದು ನನಗೂ ಗೊತ್ತು. ಯಾವ ಕಟಕಟೆಯಲ್ಲೂ ನಿಲ್ಲದ ಸಾಕ್ಷಿ ಅದು. ಆದರೂ ನನಗೆ ಅಷ್ಟು ಸಾಕಿತ್ತು.

ಮ್ಯಾನೇಜರಿಗೆ ಕೊಳವೆ ತೋರಿಸಿದೆ. ನಮ್ಮ ಗೇಟು ದಾಟಿದ ಹಾಲಿಗೆ ನಾವು ಜವಾಬ್ದಾರರಲ್ಲ ಎಂದ. ನಾವು ಅದನ್ನು ಖರೀದಿಯೇ ಮಾಡಿಲ್ಲವಲ್ಲ, ಅದು ನಮ್ಮ ಹಾಲೇ ಅಲ್ಲ. ಎಷ್ಟು ಚೊಕ್ಕ ಮಾತು. ಒಂದು ಕಚೇರಿಗೆ ದೂರು ಕೊಡಲು ಹೋದರೆ ಅಲ್ಲಿದ್ದವರು, ರ‍್ಯಾಪರ್ ಕೊಡಿ, ಅದರ ಮೇಲೆ ಬ್ಯಾಚ್ ನಂಬರ್ ಇರಬೇಕು, ಎಂದರು. ಬಿದಿರು ಕಡ್ಡಿಗೆ ಚುಚ್ಚಿ ಬೀದಿಯಲ್ಲಿ ಮಾರುವ ಕುಲ್ಫಿಗೆ ರ‍್ಯಾಪರ್ ಎಲ್ಲಿಂದ ತರಲಿ ಎಂದೆ. ಹಾಗಾದರೆ ಕಷ್ಟ ಎಂದರು. ಕಷ್ಟ ಯಾರಿಗೆ ಎಂದು ಕೇಳಿದ್ದಕ್ಕೆ, ಮೇಡಂ ಸ್ವಲ್ಪ ಸಮಾಧಾನ, ಎಂದು ಕುಡಿಯಲು ನೀರು ಕೊಟ್ಟರು. ತಣ್ಣಗಿನ ನೀರು.

ಇತ್ತ ಊರಿನಲ್ಲಿ ಬೇರೆಯೇ ತೀರ್ಪಾಗಿತ್ತು. ಗ್ರಹಣದ ದಿನ ತಂಗಿ ತರಕಾರಿ ಹೆಚ್ಚಿದ್ದಳು ಎಂದು ಯಾರೋ ನೆನಪಿಸಿಕೊಂಡರು. ಅವಳ ಅತ್ತೆ ಬಂದವರು ತೆಲುಗಿನಲ್ಲಿ "ಅಂತಾ ಮಾ ಕರ್ಮ" ಎಂದು ಎಲ್ಲವನ್ನೂ ತಮ್ಮ ಹಣೆಬರಹಕ್ಕೆ ಹಾಕಿದರೂ, ಕಣ್ಣು ಮಾತ್ರ ಸೊಸೆಯ ಕೈ ಕಡೆಗೇ ಇತ್ತು. ತಂಗಿಯೂ ತನ್ನ ಕೈಯನ್ನು ನೋಡಿಕೊಳ್ಳುತ್ತಿದ್ದಳು. ಡಾಕ್ಟರಮ್ಮ ಹೇಳಿದ ಬ್ಯಾಕ್ಟೀರಿಯಾದ ಹೆಸರು ಯಾರ ಬಾಯಿಗೂ ಹತ್ತಲಿಲ್ಲ, ಗ್ರಹಣ ಎಲ್ಲರ ಬಾಯಿಗೂ ಸಲೀಸಾಗಿ ಬಂತು. ಈಳಿಗೆಮಣೆ ಕಂಡರೆ ಅವಳು ಎದ್ದು ಹೋಗುವುದನ್ನು ನೋಡಿದ ಮೇಲೆ ಸುಮ್ಮನಿರಲು ನನ್ನಿಂದಾಗಲಿಲ್ಲ.

ಒಂದು ದಿನ ಅಂಗಳದಲ್ಲಿ ಇಬ್ಬರೂ ಕಡಲೆಕಾಯಿ ಸುಲಿಯುತ್ತಾ ಕೂತಿದ್ದಾಗ ಎಲ್ಲವನ್ನೂ ಹೇಳಿದೆ. ನಿನ್ನ ಕೈಯದೇನೂ ತಪ್ಪಿಲ್ಲ ಎಂದು ಶುರುಮಾಡಿ, ಬೇವಿನ ಮರ, ಕೆಂಪು ಗೆರೆ, ಸೋಡಾದ ಪಾಠ, ಆ ಭಾನುವಾರ ಡಬ್ಬದ ಅಕ್ಷರ ಓದಿಯೂ ನಾನು ಬಾಯಿ ಮುಚ್ಚಿಕೊಂಡದ್ದು, ಒಂದನ್ನೂ ಬಿಡಲಿಲ್ಲ. ಅವಳು ಅಳುತ್ತಾಳೆ, ನನ್ನನ್ನು ತಬ್ಬಿಕೊಳ್ಳುತ್ತಾಳೆ ಎಂದು ಎಲ್ಲೋ ಒಂದು ಆಸೆಯಿತ್ತು, ಸುಳ್ಳು ಯಾಕೆ ಹೇಳಲಿ. ಅವಳು ಮಡಿಲಿನ ಸಿಪ್ಪೆ ಕೊಡವಿ ಎದ್ದಳು.

"ನೀನು ಬ್ಯಾಡ ಅಂದ ಹಾಲು ಆಮೇಲೆ ಯಾರ ಬಾಯಿಗೆ ಹೋಯ್ತದೆ ಅಂತ ಒಂದಿನಾನೂ ಕೇಳ್ಲಿಲ್ವೇನಕ್ಕ?"

ಮೊರ ಎತ್ತಿಕೊಂಡು ಒಳಗೆ ಹೋದಳು. ಅಲ್ಲಿಂದಾಚೆಗೆ ನನ್ನ ಜೊತೆ ಮಾತು ಬಿಟ್ಟಳು. ನಾನು ಊರಿಗೆ ಹೋದರೆ ಹಿತ್ತಿಲಿಗೆ ಹೋಗುವಳು, ಫೋನ್ ಮಾಡಿದರೆ ಅಮ್ಮನ ಕೈಗೆ ಕೊಡುವಳು.

ಅವಳು ಹಾಗೆ ಕೇಳಿದ ಮರುದಿನ ಬೆಳಿಗ್ಗೆ ಕೆಂಪು ಗೆರೆ ಎಳೆದ ಮೊದಲ ಕ್ಯಾನಿಗೆ ನೀಲಿಯ ಬಾಟಲಿಯನ್ನೇ ಬಗ್ಗಿಸಿದೆ, ಬೇಗ ಮಾಯವಾಗದಷ್ಟು. ಕೋಲಿನಿಂದ ಕಲಕಿದೆ. ಹಾಲು ಆಕಾಶದ ಬಣ್ಣಕ್ಕೆ ತಿರುಗಿತು. ಡ್ರೈವರು ಕ್ಯಾನಿನೊಳಗೆ ನೋಡಿ ನನ್ನ ಅಡ್ಡಹೆಸರನ್ನು ಮುಖಕ್ಕೇ ಹೇಳಿದ. ಬೇವಿನ ಮರದ ಕೆಳಗಿದ್ದವನು ಖಾಲಿ ಕ್ಯಾನಿನೊಂದಿಗೆ ಹೊರಟ. ಮಾರನೆಯ ದಿನವೂ ಬಂದ, ಒಂದು ವಾರ ಬಂದ, ಆಮೇಲೆ ಬರಲಿಲ್ಲ. ಬೇರೆ ಕಡೆ ಹಾಲು ಹುಡುಕಿಕೊಂಡಿರುತ್ತಾನೆ, ನನಗೆ ಆ ಭ್ರಮೆಯಿಲ್ಲ. ಆದರೆ ನನ್ನ ಗೇಟಿನಿಂದ ಒಂದು ಲೋಟವೂ ಹೋಗದು. ಹಳ್ಳಿಗಳಿಂದ ಹೆಂಗಸರು ಶಾಪ ಹಾಕಿದರು. ನೀಲಿ ಹಾಲನ್ನು ಮಾರುವಂತಿಲ್ಲ, ತಿಪ್ಪೆಗೆ ಸುರಿಯಬೇಕು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ, ಹಸು ಕಟ್ಟಿದ ಮನೆಯಲ್ಲಿ ಹುಟ್ಟಿದವಳು ನಾನು. ಕ್ಯಾನು ಬಿಸಿನೀರಲ್ಲಿ ತೊಳೆಯಿರಿ, ಸಂಜೆಯ ಹಾಲು ಬೆರೆಸಬೇಡಿ ಎಂದು ಊರೂರಿಗೆ ಹೋಗಿ ಹೇಳಿದೆ. ಕೆಲವರು ಕೇಳಿದರು, ಕೆಲವರು ಬಾಗಿಲು ಹಾಕಿಕೊಂಡರು.

ಮ್ಯಾನೇಜರ್ ಮೆಮೊ ಕೊಡುತ್ತೇನೆಂದ. ಕೊಡಿ, ಕೆಟ್ಟ ಹಾಲನ್ನು ಮಾರಲು ಆಗದ ಹಾಗೆ ಮಾಡಿದ್ದೇ ನನ್ನ ತಪ್ಪು ಎಂದು ಬರೆದು ಸಹಿ ಹಾಕಿ ಕೊಡಿ, ಎಂದೆ. ಮೆಮೊ ಇನ್ನೂ ಬಂದಿಲ್ಲ.

ತಂಗಿ ಮಾತು ಬಿಟ್ಟು ಎರಡು ತಿಂಗಳಾಗಿತ್ತು. ಒಂದು ಬೆಳಿಗ್ಗೆ ನಮ್ಮ ಊರಿನ ಕ್ಯಾನಿನ ಮುಚ್ಚಳ ತೆಗೆದೆ. ಮೂಗಿಗೆ ಬಡಿಯಿತು. ಇನ್ನೊಂದು ಸಲ ಮೂಸಿದೆ, ಪರೀಕ್ಷೆ ಮಾಡಿದೆ, ಹುಳಿಯೇ. ಅದರಲ್ಲಿ ಅಮ್ಮನ ಎರಡು ಹಸುವಿನ ಹಾಲೂ ಇತ್ತು. ಅವಳ ಹಾಲು ಕೆಟ್ಟಿರಲಿಕ್ಕಿಲ್ಲ, ಅವಳ ಪಾತ್ರೆ ನನಗೆ ಗೊತ್ತಿಲ್ಲವೇ, ಯಾರದೋ ಒಂದು ಚೊಂಬು ಇಡೀ ಕ್ಯಾನನ್ನು ಕೆಡಿಸಿತ್ತು. ಡ್ರೈವರು ನನ್ನ ಕೈಯನ್ನೇ ನೋಡುತ್ತಾ ನಿಂತಿದ್ದ. ಕೆಂಪು ಗೆರೆ ಎಳೆದೆ, ನೀಲಿ ಸುರಿದೆ, ಕಲಕಿದೆ, ಕ್ಯಾನನ್ನು ಅದೇ ವ್ಯಾನಿನಲ್ಲಿ ಊರಿಗೆ ವಾಪಸ್ ಕಳಿಸಿದೆ.

ಮಧ್ಯಾಹ್ನ ಅಮ್ಮನ ಫೋನ್ ಬಂತು. ಊರಿಗೆ ಊರೇ ಮನೆ ಮುಂದೆ ನಿಂತಿದೆ, ಹೆತ್ತ ತಾಯಿಯ ಹಾಲಿಗೂ ಬಣ್ಣ ಹಾಕಿದ ಮಗಳು ಎಂದು ಬೈಯುತ್ತಿದ್ದಾರೆ, ಕರುವಿಗೂ ಕುಡಿಸುವ ಹಾಗಿಲ್ಲ, ತಲೆ ಎತ್ತಿ ತಿರುಗುವುದು ಹೆಂಗೆ ಎಂದು ಒಂದೇ ಸಮನೆ ರೇಗುತ್ತಿದ್ದಳು. ನಡುವೆ ಫೋನು ಕೈ ಬದಲಾದ ಸದ್ದಾಯಿತು. ಆಮೇಲೆ ತಂಗಿಯ ದನಿ.

"ಅಕ್ಕ, ನಾಳೆಯಿಂದ ನೀಲಿ ಒಸಿ ಜಾಸ್ತಿ ಹಾಕು. ಇಲ್ಲಿಗೆ ಬರೋ ಹೊತ್ಗೆ ತೆಳ್ಳಗಾಗೋಗಿತ್ತು."